‘ದಿನಕ್ಕೆ ಒಂದು ಕ್ವಾರ್ಟರ್, ಅಷ್ಟೇ ಮೇಡಂ’

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಅರ್ಧಕ್ಕಿಂತ ಹೆಚ್ಚು ಪತ್ರಗಳು ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತವೆ: ‘ಇವರ ಕುಡಿತ ಬಿಡಿಸುವುದು ಹೇಗೆ?’ ಹಲಸಿನ ತೊಳೆ ಬಿಡಿಸುವ ಹಾಗೆ, ದಾರದ ಗಂಟು ಬಿಡಿಸುವ ಹಾಗೆ. ಬಿಡಿಸುವವರು ಒಬ್ಬರು, ಸುಮ್ಮನೆ ಕುಳಿತು ಬಿಡಿಸಿಕೊಳ್ಳುವವರು ಇನ್ನೊಬ್ಬರು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ ಮೇಲೂ ನನಗೆ ಬಿಡಿಸುವ ವಿದ್ಯೆ ಬಂದಿಲ್ಲ. ಬಿಡಬೇಕೋ ಬೇಡವೋ ಎಂದು ತೂಗುತ್ತಿರುವವರ ಎದುರು ಕುಳಿತು ತಕ್ಕಡಿಯನ್ನು ಅವರ ಕೈಗೇ ಕೊಡುವುದು ಅಷ್ಟಿಷ್ಟು ಬಂದಿದೆ. ಇನ್ನೊಂದು ಮಾತು: ನಾನು ಮನಃಶಾಸ್ತ್ರಜ್ಞೆ, ಮನೋವೈದ್ಯೆಯಲ್ಲ. ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ಮಾತ್ರೆ ಬೇಕಾದ ಕಡೆ ವೈದ್ಯರ ಬಳಿ ಕಳಿಸುತ್ತೇನೆ.

ಆರು ಪತ್ರಗಳನ್ನು ಆರಿಸಿದ್ದೇನೆ. ಗುರುತು ಸಿಗದಂತೆ ಊರು, ಕೆಲಸಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 44 ವರ್ಷ. ಸಾಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಒಂದು ದಿನವೂ ಕುಡಿದು ಕಚೇರಿಗೆ ಹೋದವನಲ್ಲ, ಯಾರ ಮೇಲೂ ಕೈ ಮಾಡಿದವನಲ್ಲ. ಸಂಜೆ ಏಳೂವರೆಗೆ ಒಂದು ಕ್ವಾರ್ಟರ್, ಅಷ್ಟೇ ಮೇಡಂ. ಎರಡು ವರ್ಷದ ಹಿಂದೆ ನೈಂಟಿ ಸಾಕಾಗುತ್ತಿತ್ತು. ಬೆಳಿಗ್ಗೆ ಕೈ ಸ್ವಲ್ಪ ನಡುಗುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತದೆ. ರಕ್ತ ಪರೀಕ್ಷೆ ನೋಡಿದ ವೈದ್ಯರು ‘ಲಿವರ್ ದಣಿದಿದೆ, ನಿಲ್ಲಿಸಿ’ ಎಂದು ಕಳೆದ ವರ್ಷವೇ ಹೇಳಿದ್ದರು. ಮೊದಲು ತಾಳಮದ್ದಳೆಗೆ ಹೋಗುತ್ತಿದ್ದೆ, ಈಗ ಸಮಯ ಸಿಗುವುದಿಲ್ಲ. ಹೆಂಡತಿ ನನ್ನನ್ನು ಕುಡುಕ ಎನ್ನುತ್ತಾಳೆ. ನಾನು ಕುಡುಕನೇ?

ಉತ್ತರ: ‘ಕುಡುಕ’ ಎನ್ನುವುದು ಬೈಗುಳ. ಅದರಿಂದ ಯಾರ ಕಾಯಿಲೆಯೂ ಪತ್ತೆಯಾಗುವುದಿಲ್ಲ. ನೀವು ಲೆಕ್ಕ ಬರೆಯುವವರು, ಲೆಕ್ಕದಲ್ಲೇ ಮಾತಾಡೋಣ.

ಕ್ವಾರ್ಟರ್ ಎಂದರೆ 180 ಮಿ.ಲೀ. ಬಾಟಲಿಯ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಶೇ. 42.8 ಎಂದಿರುತ್ತದೆ. ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 10 ಗ್ರಾಂ ಅನ್ನು ಒಂದು ಅಳತೆ ಎಂದು ಹಿಡಿಯುತ್ತದೆ. ನಿಮ್ಮ ‘ಅಷ್ಟೇ’ ಎಂಬುದು ದಿನಕ್ಕೆ ಆರು ಅಳತೆ, ವಾರಕ್ಕೆ ನಲವತ್ತೆರಡು.

ಸಂಘಕ್ಕೆ ವರ್ಷವರ್ಷ ಆಡಿಟ್ ನಡೆಯುತ್ತದಲ್ಲವೇ? ನಮ್ಮಲ್ಲೂ ‘ಆಡಿಟ್’ ಎಂದೇ ಹೆಸರಾದ ಪ್ರಶ್ನಾವಳಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳು, ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ಆರು ಅಳತೆ ಅಥವಾ ಅದಕ್ಕಿಂತ ಹೆಚ್ಚು ಎಷ್ಟು ಸಲ ಎಂಬ ಮೊದಲ ಮೂರು ಪ್ರಶ್ನೆಗಳಿಗೆ ನಿಮ್ಮ ಪತ್ರವೇ ಉತ್ತರ ಕೊಟ್ಟಿದೆ: 4, 2, 4. ಹತ್ತಾಯಿತು. ಇನ್ನು ಏಳು ಪ್ರಶ್ನೆ ಬಾಕಿ ಇವೆ.

ಅಂಕ ಬರೀ ಜರಡಿ. ಅವಲಂಬನೆ ಇದೆಯೇ ಎಂದು ನಿರ್ಧರಿಸಲು ನಾನು ಈಗಲೂ ಅಂತಾರಾಷ್ಟ್ರೀಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯ ಆರು ಲಕ್ಷಣಗಳನ್ನೇ ಮುಂದಿಟ್ಟುಕೊಳ್ಳುತ್ತೇನೆ. (ಹನ್ನೊಂದನೆಯ ಆವೃತ್ತಿ ಬಂದಿದೆ, ಅದರಲ್ಲಿ ಆರನ್ನು ಮೂರು ಗುಂಪು ಮಾಡಿದ್ದಾರೆ. ಕೂತು ಮಾತಾಡಲು ಆರೇ ಅನುಕೂಲ.) ಕುಡಿಯಬೇಕೆಂಬ ಬಲವಾದ ತುಡಿತ, ಶುರು ಮಾಡಿದರೆ ನಿಲ್ಲಿಸುವ ಹಿಡಿತ ತಪ್ಪುವುದು, ಬಿಟ್ಟಾಗ ದೇಹ ತಕರಾರು ತೆಗೆಯುವುದು, ಹಿಂದಿನಷ್ಟೇ ಅಮಲಿಗೆ ಹೆಚ್ಚು ಬೇಕಾಗುವುದು, ಬೇರೆ ಆಸಕ್ತಿಗಳು ಕಳಚಿಕೊಳ್ಳುವುದು, ಹಾನಿ ಗೊತ್ತಿದ್ದೂ ಮುಂದುವರಿಸುವುದು. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅವಲಂಬನೆ ಎನ್ನುತ್ತೇವೆ. ನೈಂಟಿ ಕ್ವಾರ್ಟರ್ ಆದದ್ದು, ಬೆಳಗಿನ ಕೈ ನಡುಕ, ವೈದ್ಯರ ಮಾತಿನ ನಂತರವೂ ನಡೆದ ಒಂದು ವರ್ಷ, ಕೈತಪ್ಪಿದ ತಾಳಮದ್ದಳೆ: ನೀವೇ ನಾಲ್ಕನ್ನು ಬರೆದು ಕಳಿಸಿದ್ದೀರಿ. ಏಳೂವರೆ ಎಂದು ಗಡಿಯಾರ ನೋಡಿ ಬರೆದಿರಲ್ಲ, ಸಂಘದ ಸಭೆ ಎಂಟಕ್ಕೆ ಮುಗಿದ ದಿನ ಆ ಅರ್ಧ ಗಂಟೆ ಹೇಗಿರುತ್ತದೆ ಎಂಬುದನ್ನು ಬರೆದಿದ್ದರೆ ಐದನೆಯದೂ ಸಿಗುತ್ತಿತ್ತೇನೋ.

ನನ್ನ ಕೋಣೆಯಲ್ಲಿ ಒಂದು ಸ್ಟೀಲ್ ಲೋಟ, ಒಂದು ತಂಬಿಗೆ ನೀರು, ಕೆಮ್ಮಿನ ಔಷಧಿಯ ಜೊತೆ ಬರುವ 10 ಮಿ.ಲೀ. ಅಳತೆಯ ಮುಚ್ಚಳ ಸದಾ ಇರುತ್ತವೆ. ‘ಎರಡು ಪೆಗ್ ಅಷ್ಟೇ’ ಎಂದ ಗುತ್ತಿಗೆದಾರರೊಬ್ಬರಿಗೆ, ದಿನವೂ ಹಾಕಿಕೊಳ್ಳುವಷ್ಟೇ ನೀರನ್ನು ಲೋಟಕ್ಕೆ ಹಾಕಿ ಎಂದೆ. ಎರಡು ಸಲ ಬಗ್ಗಿಸಿದರು. ಆಮೇಲೆ ಮುಚ್ಚಳದಲ್ಲಿ ಅಳೆದು ತಂಬಿಗೆಗೆ ಸುರಿಯಲು ಹೇಳಿದೆ. ಜೋರಾಗಿ ಎಣಿಸುತ್ತಾ ಹೊರಟವರ ದನಿ, ಎರಡು ಪೆಗ್ಗಿನ ಲೆಕ್ಕವಾದ ಹನ್ನೆರಡು ದಾಟಿದ ಮೇಲೆ ಇಳಿಯಿತು. ಹತ್ತೊಂಬತ್ತಕ್ಕೆ ಲೋಟ ಖಾಲಿಯಾಯಿತು. ನಾನು ಅಳೆದಿದ್ದರೆ ಅವರು ವಾದಕ್ಕೆ ನಿಲ್ಲುತ್ತಿದ್ದರು.

ನೀವು ಮಾಡಬೇಕಾದದ್ದು ಎರಡು. ಮೊದಲನೆಯದು, ಬೆಳಿಗ್ಗೆ ಕೈ ನಡುಗುವವರು ನಾಳೆಯಿಂದಲೇ ಪೂರ್ತಿ ಬಂದ್ ಎಂದು ಶಪಥ ಮಾಡಬಾರದು. ಏಕೆ ಎಂಬುದು ಮೂರನೆಯ ಪತ್ರದ ಉತ್ತರದಲ್ಲಿದೆ. ಮನೋವೈದ್ಯರನ್ನು ಕಂಡು, ಅವರ ಸಲಹೆಯಂತೆ ನಿಲ್ಲಿಸುವ ದಿನ ಗೊತ್ತುಮಾಡಿ. ಎರಡನೆಯದು, ಅಲ್ಲಿಯವರೆಗೆ ಒಂದು ಸಣ್ಣ ಪುಸ್ತಕದಲ್ಲಿ ಎಷ್ಟು, ಎಲ್ಲಿ, ಯಾರ ಜೊತೆ, ಅದಕ್ಕೆ ಅರ್ಧ ಗಂಟೆ ಮೊದಲು ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಿರಿ. ಮನೋವೈದ್ಯರ ಬಳಿ ಹೋಗುವಾಗ ಆ ಪುಸ್ತಕ ಜೊತೆಗಿರಲಿ.

ಪ್ರಶ್ನೆ: ನಮ್ಮದು ತಿಪಟೂರು ಕಡೆ, ಯಜಮಾನರದು ಕೊಬ್ಬರಿ ವ್ಯಾಪಾರ. ರಾತ್ರಿ ಕುಡಿದು ಬಂದು ಜಗಳ, ಬೆಳಿಗ್ಗೆ ಕ್ಷಮೆ. ಆಸ್ಪತ್ರೆ ಎಂದರೆ ‘ನನಗೇನು ಹುಚ್ಚೇ’ ಎನ್ನುತ್ತಾರೆ. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಪುಡಿಯ ಜಾಹೀರಾತು ನೋಡಿ ತರಿಸಿದ್ದೇನೆ. ಡಬ್ಬಿ ಅಕ್ಕಿಯ ಡ್ರಮ್ಮಿನಲ್ಲಿದೆ. ಹಾಕಲು ಕೈ ಬರುತ್ತಿಲ್ಲ. ಹಾಕಲೇ?

ಉತ್ತರ: ಕೈ ಬರದಿದ್ದದ್ದು ಒಳ್ಳೆಯದೇ ಆಯಿತು. ಹಾಕಬೇಡಿ.

ಆ ಡಬ್ಬಿಯಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆಯೊಂದಿದೆ. 1948ರಲ್ಲಿ ಡೆನ್ಮಾರ್ಕಿನವರು ಅದರ ಗುಣವನ್ನು ಲೋಕಕ್ಕೆ ತಿಳಿಸಿದರು. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಮುಂದಕ್ಕೆ ಕರಗದಂತೆ ಅದು ತಡೆಯುತ್ತದೆ. ಮಾತ್ರೆ ನುಂಗಿದವರು ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಗೊತ್ತಿದ್ದು ನುಂಗಿದವರು ಬಾಟಲಿ ಮುಟ್ಟಲು ಹೆದರುತ್ತಾರೆ, ಔಷಧಿಯ ಕೆಲಸವೇ ಆ ಹೆದರಿಕೆ. ಗೊತ್ತಿಲ್ಲದವರು ಎಂದಿನಂತೆ ಕುಡಿದು, ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ತಂದುಕೊಳ್ಳಬಹುದು. ಬದುಕಿ ಉಳಿದು, ನೀವು ಬೆರೆಸಿದ್ದು ತಿಳಿದರೆ, ಆಮೇಲೆ ನೀವು ಕೊಡುವ ಕಾಫಿಯನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಅದೇ ಮಾತ್ರೆಯನ್ನು ಅವರೇ ಒಪ್ಪಿ, ವೈದ್ಯರ ಚೀಟಿಯಂತೆ, ಬೆಳಿಗ್ಗೆ ನಿಮ್ಮ ಎದುರು ನುಂಗುವುದು ಬೇರೆ ಮಾತು. ಹಾಗೆ ನುಂಗಿ ನಿಂತವರು ನನ್ನ ಬಳಿಯೇ ಇದ್ದಾರೆ.

ಅವರು ಬರದಿದ್ದರೆ ನೀವು ಬನ್ನಿ. ತಮಾಷೆಯಲ್ಲ. ಚಿಕಿತ್ಸೆ ಬೇಡ ಎನ್ನುವವರ ಮನೆಯವರಿಗೇ ತರಬೇತಿ ಕೊಡುವ ‘ಕ್ರಾಫ್ಟ್’ ಎಂಬ ಪದ್ಧತಿಯನ್ನು ಅಮೆರಿಕದ ರಾಬರ್ಟ್ ಮೇಯರ್ಸ್ ಬೆಳೆಸಿದರು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ತರಬೇತಿ ಪಡೆದವರ ಮನೆಯ ಕುಡಿಯುವ ಸದಸ್ಯರಲ್ಲಿ ಶೇ. 64 ಮಂದಿ ಚಿಕಿತ್ಸೆಗೆ ಬಂದರು. ಬಂಧುಗಳೆಲ್ಲ ಸುತ್ತ ಕುಳಿತು ಮುಖಕ್ಕೆ ಹೊಡೆದಂತೆ ಹೇಳಿ ಒಪ್ಪಿಸುವ ವಿಧಾನದಲ್ಲಿ ಬಂದವರು ಶೇ. 30. ನಮ್ಮಲ್ಲಿ ಸೋದರಮಾವಂದಿರನ್ನು ಕರೆಸಿ ಜಗಲಿಯ ಮೇಲೆ ಪಂಚಾಯಿತಿ ಮಾಡುತ್ತಾರಲ್ಲ, ಆ ಜಾತಿಯದು.

ಪದ್ಧತಿಯ ತಿರುಳನ್ನು ಹೇಳುತ್ತೇನೆ. ಕುಡಿಯದೆ ಬಂದ ಸಂಜೆ ಮನೆ ಹಿತವಾಗಿರಬೇಕು. ಜೊತೆಯಲ್ಲಿ ಊಟ, ನಾಲ್ಕು ಮಾತು, ಹಳೆಯ ಲೆಕ್ಕ ತೆಗೆಯದಿರುವುದು. ಕುಡಿದು ಬಂದರೆ ಆ ಹಿತವಿಲ್ಲ, ಹಾಗೆಂದು ಬೈಗುಳವೂ ಇಲ್ಲ. ‘ನಾಳೆ ಬೆಳಿಗ್ಗೆ ಮಾತಾಡೋಣ’ ಎಂದು ಮಕ್ಕಳೊಡನೆ ಒಳಗೆ ಹೋಗಿ ಮಲಗಿ. ಎರಡನೆಯದು ಕಷ್ಟದ್ದು: ಕುಡಿತದ ಫಲವನ್ನು ನೀವು ಒರೆಸುತ್ತಾ ಹೋಗಬೇಡಿ. ವ್ಯಾಪಾರದ ಪಾಲುದಾರರಿಗೆ ‘ಅವರಿಗೆ ಜ್ವರ’ ಎಂದು ಫೋನ್ ಮಾಡುವುದು, ಬಾರಿನ ಸಾಲ ತೀರಿಸುವುದು ನಿಲ್ಲಲಿ. ಮಾತಿಗೆ ಹೊತ್ತು ಆರಿಸಿಕೊಳ್ಳಿ. ಕ್ಷಮೆ ಕೇಳುವ ಬೆಳಿಗ್ಗೆ ಎಂದಿರಿ, ಅದೇ ಸರಿಯಾದ ಹೊತ್ತು. ‘ನೀವು ಹಾಳಾದಿರಿ’ ಎಂದು ಶುರು ಮಾಡಬೇಡಿ. ‘ನಿನ್ನೆ ರಾತ್ರಿ ನನಗೆ ಹೆದರಿಕೆಯಾಯಿತು. ಗುರುವಾರ ನಾನೊಬ್ಬಳೇ ಆಪ್ತಸಮಾಲೋಚಕರನ್ನು ನೋಡಲು ಹೋಗುತ್ತಿದ್ದೇನೆ, ಮನಸ್ಸಾದರೆ ಬನ್ನಿ’ ಎಂದಷ್ಟೇ ಹೇಳಿ. ‘ನನಗೇನು ಹುಚ್ಚೇ’ ಎನ್ನುವವರಲ್ಲಿ ಎಷ್ಟೋ ಜನ ಹೆಂಡತಿ ಒಳಗೆ ಏನು ಹೇಳುತ್ತಾಳೋ ಎಂಬ ಕುತೂಹಲಕ್ಕೇ ಹಿಂದೆ ಬಂದಿದ್ದಾರೆ!

ಜಗಳ ಹೊಡೆತಕ್ಕೆ ತಿರುಗುವ ಮನೆಯಾದರೆ ಈ ಪ್ರಯೋಗ ಯಾವುದೂ ಬೇಡ. ಮೊದಲು ನಿಮ್ಮ ಸುರಕ್ಷತೆ. 112, ಮಹಿಳಾ ಸಹಾಯವಾಣಿ 181, ಎರಡೂ ನೆನಪಿರಲಿ. ಪುಡಿಯ ಡಬ್ಬಿ ಇವತ್ತೇ ಆಚೆ ಹೋಗಲಿ.

ಪ್ರಶ್ನೆ: ಮಗನಿಗೆ 32, ಟೈಲ್ಸ್ ಹಾಕುವ ಕೆಲಸ. ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕಿ 41 ದಿನ ತೊಟ್ಟೂ ಮುಟ್ಟುವುದಿಲ್ಲ. ಮಾಲೆ ತೆಗೆದ ದಿನವೇ ಶುರು. ಅಂದರೆ ಬಿಡುವ ಶಕ್ತಿ ಇದೆ, ಹಟಕ್ಕೆ ಕುಡಿಯುತ್ತಾನೆ ಅಲ್ಲವೇ? ಕಳೆದ ಸಲ ಮಾಲೆ ಹಾಕಿದ ಮೂರನೆಯ ದಿನ ಗೋಡೆಯ ಮೇಲೆ ಇರುವೆ ಸಾಲು ಎಂದು ಕೈಯಿಂದ ಒರೆಸುತ್ತಿದ್ದ. ಇರುವೆ ಇರಲಿಲ್ಲ. ವ್ರತದಲ್ಲಿ ದೋಷವಾಗಿದೆ ಎಂದು ನಿಂಬೆಹಣ್ಣು ಇಳಿ ತೆಗೆದೆವು.

ಉತ್ತರ: ಅಮ್ಮಾ, ಮೊದಲು ಇರುವೆಯ ಮಾತು. ಅದು ವ್ರತದೋಷವಲ್ಲ. ವರ್ಷಗಟ್ಟಲೆ ಮದ್ಯ ಮಿದುಳಿನ ಮೇಲೆ ಬ್ರೇಕ್ ಒತ್ತುತ್ತಿದ್ದರೆ, ಮಿದುಳು ಅದಕ್ಕೆ ಎದುರಾಗಿ ಆಕ್ಸಿಲರೇಟರ್ ಒತ್ತಿಕೊಂಡೇ ಇರುವುದನ್ನು ಕಲಿಯುತ್ತದೆ. ಬ್ರೇಕ್ ಥಟ್ಟನೆ ತೆಗೆದರೆ ಗಾಡಿ ನುಗ್ಗುತ್ತದೆ. ಕೊನೆಯ ಲೋಟದ ನಂತರ ಆರೆಂಟು ಗಂಟೆಗೆ ನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ದಿಕ್ಕು, ಹೊತ್ತು ತಪ್ಪುವುದು. ಈ ಕೊನೆಯದು ಚಿಕಿತ್ಸೆ ಸಿಗದಿದ್ದರೆ ಕೊಲ್ಲಬಲ್ಲದು. ಒಂದು ಸಲ ಬಂದವರಿಗೆ ಮುಂದಿನ ಸಲವೂ ಬರುವ ಅಪಾಯ ಹೆಚ್ಚು. ಆದ್ದರಿಂದ ಈ ವರ್ಷ ಮಾಲೆಗೆ ಮೊದಲು ಆಸ್ಪತ್ರೆ. ಕೆಲವು ದಿನ ಮಾತ್ರೆ ಕೊಟ್ಟು ಇಳಿಸುತ್ತಾ ಬರುತ್ತಾರೆ, ಬಿ1 ಜೀವಸತ್ವದ ಇಂಜೆಕ್ಷನ್ ಹಾಕುತ್ತಾರೆ. ನಮ್ಮ ಜನರಿಗೆ ಸುಸ್ತೆಂದರೆ ‘ಎರಡು ಬಾಟಲಿ ಗ್ಲೂಕೋಸ್ ಏರಿಸಿಬಿಡಿ’ ಎನ್ನುವ ಅಭ್ಯಾಸವಿದೆ. ಹೆಚ್ಚು ಕುಡಿಯುವವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ತಾಲ್ಲೂಕು ಆಸ್ಪತ್ರೆಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ.

ಇನ್ನು ಹಟದ ಪ್ರಶ್ನೆ. ಆ 41 ದಿನ ನಿಮ್ಮ ಮನೆಯಲ್ಲಿ ಏನೇನಾಗುತ್ತದೆ ಎಂದು ನೆನೆಸಿಕೊಳ್ಳಿ. ಮುಂಜಾನೆ ತಣ್ಣೀರು ಸ್ನಾನ, ಕಪ್ಪು ಪಂಚೆ. ಊರೆಲ್ಲ ಅವನನ್ನು ‘ಸ್ವಾಮಿ’ ಎಂದು ಕರೆಯುತ್ತದೆ. ಕುಡಿಯುವ ಗೆಳೆಯರೂ ಕೈ ಮುಗಿಯುತ್ತಾರೆ, ಯಾರೂ ‘ಬಾರೋ’ ಎನ್ನುವುದಿಲ್ಲ. ಬೇಡ ಎನ್ನುವ ಕಷ್ಟವನ್ನು ಕೊರಳಿನ ಮಾಲೆಯೇ ಹೊರುತ್ತದೆ. ಸಂಜೆ ಏಳಕ್ಕೆ ಭಜನೆ, ಅಂದರೆ ಬಾಟಲಿ ತೆರೆಯುವ ಹೊತ್ತಿಗೆ ಕೈಯಲ್ಲಿ ತಾಳ. ಮಾಲೆ ತೆಗೆದ ದಿನ ಇವೆಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಅವನ ಶಕ್ತಿ ಕಡಿಮೆಯಾಗಿಲ್ಲ, ಸುತ್ತ ನಿಂತಿದ್ದ ಊರುಗೋಲುಗಳು ಬಿದ್ದವು.

ನಾನಾದರೆ ಅವನನ್ನೇ ಕೂರಿಸಿಕೊಂಡು ಕೇಳುತ್ತೇನೆ: ‘ಸ್ವಾಮಿ, ಆ 41 ದಿನದಲ್ಲಿದ್ದ ಯಾವುದನ್ನು 42ನೆಯ ದಿನಕ್ಕೂ ಇಟ್ಟುಕೊಳ್ಳಬಹುದು?’ ಅವನೇ ಆರಿಸಬೇಕು. ಒಬ್ಬ ಹುಡುಗ ಶನಿವಾರದ ಭಜನೆ ಇಟ್ಟುಕೊಂಡ. ಅವನ ಕುಡಿತದ ಪುಸ್ತಕ ನೋಡಿದರೆ ಅರ್ಧ ಕುಡಿತ ಶನಿವಾರ, ಬಟವಾಡೆಯ ದಿನ, ಮೇಸ್ತ್ರಿ ಹಣ ಎಣಿಸಿ ಕೊಡುವುದೇ ಬಾರಿನ ಎದುರು. ಹಣ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಕೊಂಡ ಮೇಲೆ ಶನಿವಾರ ಸ್ವಲ್ಪ ಹಗುರವಾಯಿತು. ನಿಮ್ಮ ಮಗನ ಬಟವಾಡೆ ಎಲ್ಲಿ ನಡೆಯುತ್ತದೆ, ಕೇಳಿದ್ದೀರಾ?

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ, ಧಾರವಾಡ. ಕುಡಿತ ಮಿದುಳಿನ ರಾಸಾಯನಿಕ ಕಾಯಿಲೆ ಎನ್ನುತ್ತೀರಿ. ಹಾಗಿದ್ದರೆ ಮಾತಿನಿಂದ ಅದು ಹೇಗೆ ಗುಣವಾಗುತ್ತದೆ? ಸಕ್ಕರೆ ಕಾಯಿಲೆಗೆ ಪ್ರವಚನ ಕೊಡುತ್ತೀರಾ?

ಉತ್ತರ: ಪ್ರವಚನ ಕೊಟ್ಟು ಸೋತವಳು ನಾನು, ಸರ್. ಕೆಲಸಕ್ಕೆ ಸೇರಿದ ಹೊಸತು. ಲಾರಿ ಚಾಲಕರೊಬ್ಬರಿಗೆ ಲಿವರಿನ ಬಣ್ಣದ ಚಿತ್ರ ತೋರಿಸಿ ನಲವತ್ತು ನಿಮಿಷ ಪಾಠ ಮಾಡಿದೆ. ಅವರು ಕೈಮುಗಿದು ‘ಒಳ್ಳೆಯ ಮಾತು ಹೇಳಿದಿರಿ ಅಮ್ಮ’ ಎಂದು ಹೊರಟರು. ಕಿಟಕಿಯಿಂದ ನೋಡಿದರೆ ನೇರ ರಸ್ತೆ ದಾಟಿ ಎದುರಿನ ವೈನ್ ಶಾಪಿಗೆ ಹೋದರು. ಆ ಚಿತ್ರ ಅವರಿಗೆ ಹೆದರಿಕೆ ಹುಟ್ಟಿಸಿತ್ತು, ಹೆದರಿಕೆಗೆ ಅವರ ಬಳಿ ಇದ್ದ ಔಷಧಿ ಅದೊಂದೇ.

ಹೀಗೆ ಪಾಠ ಮಾಡಿದರೆ ಏಕೆ ಸೋಲುತ್ತೇವೆ ಎಂದು ವಿವರಿಸಿದವರು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್. 1983ರಲ್ಲಿ ಅವರು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಸಂಭಾಷಣೆಯ ಕ್ರಮವನ್ನು ಮುಂದಿಟ್ಟರು. ನಾವು ಬಿಡು ಎಂದು ಎಳೆದಷ್ಟೂ ಎದುರಿನವರು ಬಿಡದಿರಲು ಕಾರಣ ಹುಡುಕುತ್ತಾರೆ. ಬಿಡುವ ಕಾರಣ ಅವರ ಬಾಯಿಂದಲೇ ಬರಬೇಕು. ಒಂದು ಉದಾಹರಣೆ. ಬಿಡಲು ಎಷ್ಟು ಸಿದ್ಧ ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುತ್ತೇನೆ. ‘ಮೂರು’ ಎನ್ನುತ್ತಾರೆ. ಮನೆಯವರಾದರೆ ‘ಮೂರೇ? ಎಂಟು ಏಕಿಲ್ಲ?’ ಎಂದು ಮೇಲೆ ಬೀಳುತ್ತಾರೆ. ನಾನು ಕೇಳುವುದು ‘ಮೂರು ಏಕೆ? ಸೊನ್ನೆ ಏಕಲ್ಲ?’ ಒಂದು ಕ್ಷಣ ಗಲಿಬಿಲಿಯಾಗುತ್ತಾರೆ. ಆಮೇಲೆ ‘ಮಗಳು ದೊಡ್ಡವಳಾಗುತ್ತಿದ್ದಾಳೆ ಮೇಡಂ’ ಎಂಬಂಥ ಮಾತೊಂದು ಬರುತ್ತದೆ. ಅಲ್ಲಿಂದ ನಮ್ಮ ಕೆಲಸ ಶುರು.

ವಿಜ್ಞಾನದವರಿಗೆ ಅಂಕಿ ಬೇಕು. ಅಮೆರಿಕದಲ್ಲಿ 1,726 ಮಂದಿಯ ಮೇಲೆ ನಡೆದು 1997ರಲ್ಲಿ ಫಲಿತಾಂಶ ಹೊರಬಂದ ‘ಪ್ರಾಜೆಕ್ಟ್ ಮ್ಯಾಚ್’ನಲ್ಲಿ ಮೂರು ಮಾತಿನ ಚಿಕಿತ್ಸೆಗಳನ್ನು ಹೋಲಿಸಿದರು. ಒಂದು ಮಿಲ್ಲರ್ ಅವರ ಬಗೆಯದು, ಇನ್ನೊಂದು ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವಂಥದ್ದು, ಮತ್ತೊಂದು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿನತ್ತ ಒಯ್ಯುವಂಥದ್ದು. ಮೂರರಲ್ಲೂ ಜನ ಸುಧಾರಿಸಿದರು, ಒಂದು ಇನ್ನೊಂದಕ್ಕಿಂತ ಬಹಳ ಮೇಲೆಂದು ಕಾಣಲಿಲ್ಲ. ನಮಗೆ ಹತ್ತಿರದ್ದು ಗೋವಾದ ಅಧ್ಯಯನ, 2017ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರವಾಗಿ ಕುಡಿಯುತ್ತಿದ್ದ 377 ಗಂಡಸರು. ಮಾತಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಸ್ಥಳೀಯರು. ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಇಳಿದವರು ಶೇ. 36, ಈ ಮಾತುಕತೆ ಸಿಗದವರಲ್ಲಿ ಶೇ. 26. ಪವಾಡವಲ್ಲ, ಆದರೆ ನಾಲ್ಕು ಭೇಟಿಗೆ ಅದು ಕಡಿಮೆಯೂ ಅಲ್ಲ.

ಸಕ್ಕರೆ ಕಾಯಿಲೆಯ ಹೋಲಿಕೆ ಒಪ್ಪುತ್ತೇನೆ. ಅಲ್ಲೂ ಮಾತ್ರೆ ಒಂದು ಕಡೆ, ತಟ್ಟೆಯಲ್ಲಿ ಏನು ಬಡಿಸಿಕೊಳ್ಳುತ್ತೀರಿ ಎಂಬುದು ಇನ್ನೊಂದು ಕಡೆ. ತೀವ್ರ ಅವಲಂಬನೆ ಇದ್ದವರಿಗೆ ಔಷಧಿ ಬೇಕೇ ಬೇಕು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತುಡಿತ ತಗ್ಗಿಸಲು ನೆರವಾಗುತ್ತವೆ. ಬೀಗರು ಲೋಟ ಹಿಡಿದು ಬಂದಾಗ ಏನು ಹೇಳಬೇಕು ಎಂಬುದನ್ನು ಮಾತ್ರೆ ಕಲಿಸುವುದಿಲ್ಲ.

ಪ್ರಶ್ನೆ: ಮದ್ದೂರಿನ ಹತ್ತಿರದವನು. ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಅಕ್ಕನ ಮಗಳ ಮದುವೆಯ ಬೀಗರೂಟದಲ್ಲಿ ಭಾವಮೈದುನ ಲೋಟ ಕೊಟ್ಟ. ಆಮೇಲೆ ಐದು ದಿನ ನಿಲ್ಲಿಸದೆ ಕುಡಿದೆ. ಏಳು ತಿಂಗಳೂ ನೀರಿನಲ್ಲಿ ಹೋಮವಾಯಿತು. ಶಿಬಿರದವರಿಗೆ ಮುಖ ತೋರಿಸಲಾರೆ.

ಉತ್ತರ: ಏಳು ತಿಂಗಳೆಂದರೆ ಸುಮಾರು 210 ದಿನ. ಅದರ ಮೇಲೆ ಐದು ದಿನ ಕುಡಿದಿರಿ. 210ರಲ್ಲಿ ಐದು ಕಳೆದರೆ ಸೊನ್ನೆ ಬರುವುದು ಯಾವ ಶಾಲೆಯಲ್ಲಿ?

ನಿಮ್ಮನ್ನು ಐದು ದಿನ ಕುಡಿಸಿದ್ದು ಮೊದಲ ಲೋಟವಲ್ಲ, ‘ಎಲ್ಲ ಹೋಯಿತು, ಇನ್ನೇನು’ ಎಂಬ ಆ ಲೆಕ್ಕ. ಅಮೆರಿಕದ ಅಲನ್ ಮಾರ್ಲಟ್ 1985ರ ತಮ್ಮ ಪುಸ್ತಕದಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಕಾಲು ಜಾರುವುದು ಒಂದು, ಜಾರಿದ ನಾಚಿಕೆಗೆ ಅಲ್ಲೇ ಹೊರಳಾಡುವುದು ಇನ್ನೊಂದು. ನಡುವೆ ಒಂದು ಯೋಚನೆ ಇರುತ್ತದೆ. ಅದನ್ನು ಹಿಡಿದರೆ ಎರಡನೆಯದನ್ನು ತಪ್ಪಿಸಬಹುದು.

ನಿಮ್ಮ ಪತ್ರದ ಎರಡನೆಯ ಹಾಳೆಯಲ್ಲಿ, ಯಾರೂ ಗಮನಿಸದ ಜಾಗದಲ್ಲಿ, ಒಂದು ಸಾಲಿದೆ: ‘ಪೆಂಡಾಲಿನ ಹಿಂದೆ ಕುರ್ಚಿ, ಐಸ್ ನೋಡಿಕೊಳ್ಳುವ ಜವಾಬ್ದಾರಿ ನಾನೇ ವಹಿಸಿಕೊಂಡಿದ್ದೆ.’ ಬೀಗರೂಟದಲ್ಲಿ ಪೆಂಡಾಲಿನ ಹಿಂದೆ ಏನಿರುತ್ತದೆ ಎಂದು ಮಂಡ್ಯ ಜಿಲ್ಲೆಯವರಿಗೆ ನಾನು ಹೇಳಬೇಕೇ? ಎಲೆ ಹಾಕುವ ಕೆಲಸ ಇತ್ತು, ಬಡಿಸುವ ಕೆಲಸ ಇತ್ತು. ಐಸ್ ನೋಡಿಕೊಳ್ಳಲು ಒಪ್ಪಿಕೊಂಡದ್ದು ಯಾವತ್ತು? ಅದಕ್ಕೂ ಮೊದಲು ಮದುವೆ ಓಡಾಟವೆಂದು, ಶಿಬಿರದಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯ ಸಭೆಗಳನ್ನು ತಪ್ಪಿಸಿದ್ದಾಗಿಯೂ ಬರೆದಿದ್ದೀರಿ. ಲೋಟ ಕೈಗೆ ಬಂದದ್ದು ಭಾನುವಾರವಾದರೂ, ಅದರ ಕಡೆಗೆ ನಡಿಗೆ ಎರಡು ವಾರ ಮೊದಲೇ ಶುರುವಾಗಿತ್ತು. ಇದನ್ನು ತಪ್ಪೊಪ್ಪಿಗೆಗೆ ಕೇಳುತ್ತಿಲ್ಲ. ಮುಂದಿನ ಮದುವೆಗೆ ಎಲ್ಲಿ ತಿರುವು ತೆಗೆದುಕೊಳ್ಳಬೇಕು ಎಂಬ ನಕ್ಷೆ ಇದರಲ್ಲೇ ಇದೆ.

ತುಡಿತ ಬಂದಾಗ ಅದರ ಜೊತೆ ಕುಸ್ತಿಗೆ ಇಳಿಯಬೇಡಿ. ಅದು ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಗಂಟಲಲ್ಲಿದೆಯೋ, ಎದೆಯಲ್ಲಿದೆಯೋ, ಕೈಬೆರಳಲ್ಲಿದೆಯೋ ನೋಡುತ್ತಾ, ಜಾಗ ಬದಲಿಸಿ, ಯಾರಿಗಾದರೂ ಫೋನ್ ಹಚ್ಚಿ ಅದನ್ನು ದಾಟಿಸಿ. ಹಸಿವಿನಲ್ಲಿದ್ದರೆ ಇನ್ನೂ ಕಷ್ಟ, ಮೊದಲು ಊಟ ಮಾಡಿ.

ಭಾವಮೈದುನನಿಗೆ ಏನು ಹೇಳುವುದು? ನನ್ನ ಕೋಣೆಯಲ್ಲಿ ನಾನೇ ಭಾವಮೈದುನ ಆಗುತ್ತೇನೆ. ಈ ಪಾತ್ರದಲ್ಲಿ ನನಗೆ ಒಳ್ಳೆಯ ಹೆಸರಿದೆ. ‘ಒಂದೇ ಒಂದು, ನನ್ನ ಮೇಲೆ ಆಣೆ’ ಎಂದು ಲೋಟ ಚಾಚುತ್ತೇನೆ. ಹೊಸಬರೆಲ್ಲ ಕಾರಣ ಕೊಡಲು ಹೋಗಿ ಸೋಲುತ್ತಾರೆ. ಹೊಟ್ಟೆ ಸರಿಯಿಲ್ಲ ಎಂದರೆ ‘ಇದೇ ಅದಕ್ಕೆ ಔಷಧಿ’ ಎನ್ನುತ್ತೇನೆ, ಗಾಡಿ ಓಡಿಸಬೇಕು ಎಂದರೆ ‘ನಾನು ಬಿಡುತ್ತೇನೆ’ ಎನ್ನುತ್ತೇನೆ. ಪ್ರತಿ ಕಾರಣಕ್ಕೂ ಭಾವಮೈದುನನ ಬಳಿ ಉತ್ತರವಿರುತ್ತದೆ. ಕಣ್ಣು ನೋಡಿ ‘ಬೇಡ, ನಾನು ಬಿಟ್ಟಿದ್ದೇನೆ. ಊಟಕ್ಕೆ ಕೂರೋಣ ಬಾ’ ಎಂದು ಎದ್ದು ನಡೆಯಿರಿ. ಹತ್ತು ಸಲ ಬಾಯಿಬಿಟ್ಟು ಅಭ್ಯಾಸ ಮಾಡಿ, ಮನಸ್ಸಿನಲ್ಲಿ ಹೇಳಿಕೊಂಡರೆ ಸಮಯಕ್ಕೆ ಬರುವುದಿಲ್ಲ.

ಶಿಬಿರದವರಿಗೆ ಮುಖ ತೋರಿಸಿ. ಜಾರಿದವರನ್ನು ಅವರು ನಿಮಗಿಂತ ಮೊದಲೂ ನೋಡಿದ್ದಾರೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷ. ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಎಷ್ಟು ಕುಡಿದಿದ್ದಾರೆ ಎಂದು ನನಗೆ ತಿಳಿಯುತ್ತದೆ. ಒಂದೇ ಸಲಕ್ಕೆ ಬಿದ್ದರೆ ಪರವಾಗಿಲ್ಲ. ಎರಡು ಮೂರು ಸಲ ಕಿರ್ ಎಂದರೆ ತಮ್ಮನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತೇನೆ. ಹೊಡೆಯುವುದಿಲ್ಲ, ಪಾತ್ರೆ ಎಸೆಯುತ್ತಾರೆ. ಪರೀಕ್ಷೆಗೆ ಐದು ವಾರವಿದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಅಪ್ಪನನ್ನು ಸರಿಮಾಡಲು ನಾನು ಏನು ಮಾಡಬೇಕು?

ಉತ್ತರ: ನನಗೆ ನಿನ್ನ ಅಜ್ಜಿಯ ವಯಸ್ಸು, ‘ನೀನು’ ಎಂದೇ ಬರೆಯುತ್ತೇನೆ. ಅಪ್ಪನನ್ನು ಸರಿಮಾಡುವುದು ನಿನ್ನ ಕೆಲಸವಲ್ಲ. ನೀನು ಚೆನ್ನಾಗಿ ಓದಿದ್ದರೆ, ತಮ್ಮ ಗಲಾಟೆ ಮಾಡದಿದ್ದರೆ ಅವರು ಕುಡಿಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದ್ದರೆ, ಅದು ಸುಳ್ಳು.

ಸಂಜೆ ಆರರಿಂದ ನಿನ್ನ ಕಿವಿ ಗೇಟಿನ ಹತ್ತಿರ ಕಾವಲು ನಿಂತಿರುತ್ತದೆ. ಪುಸ್ತಕ ತಲೆಗೆ ಹತ್ತದಿರಲು ಅದೇ ಕಾರಣ, ನಿನ್ನ ಬುದ್ಧಿ ಮಂಕಾಗಿದೆ ಎಂದುಕೊಳ್ಳಬೇಡ. ಓದನ್ನು ಬೆಳಗಿನ ಜಾವಕ್ಕೆ, ಸಂಜೆ ಕಾಲೇಜಿನ ಗ್ರಂಥಾಲಯಕ್ಕೆ ಸರಿಸು. ಕುಡಿದು ಬಂದಾಗ ಅವರಿಗೆ ಬುದ್ಧಿ ಹೇಳಲು, ಅಪ್ಪ ಅಮ್ಮನ ನಡುವೆ ನಿಲ್ಲಲು ಹೋಗಬೇಡ. ಬಾಗಿಲು ಹಾಕಿಕೊಳ್ಳುವುದು ಹೇಡಿತನವಲ್ಲ, ಸರಿಯಾದ ಕೆಲಸ. ಎಸೆದ ಪಾತ್ರೆ ಯಾರಿಗಾದರೂ ತಗಲುವಂತಾದರೆ 112. ತಮ್ಮನ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ನಿನಗೆ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ.

ಪರೀಕ್ಷೆ ಮುಗಿಯುವವರೆಗೆ ಬಾ ಎಂದು ಅತ್ತೆ ಕರೆದಿದ್ದಾರೆ, ಅಮ್ಮ ಒಬ್ಬಳೇ ಆಗುತ್ತಾಳೆ ಎಂದು ಹೋಗಿಲ್ಲ ಎಂದು ಬರೆದಿದ್ದೀಯ. ಅಮ್ಮನಿಗೆ ಈ ಪುಟದ ಎರಡನೆಯ ಉತ್ತರ ಓದಲು ಕೊಡು. ಅವರಿಗೂ ಒಂದು ನಂಬರು ಬೇಕಾದೀತು, ಮಾದಕ ವ್ಯಸನ ಸಹಾಯವಾಣಿ 14446, ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಬರೆದಿಡು. ಆಮೇಲೆ ಬ್ಯಾಗ್ ಕಟ್ಟಿಕೋ. ತಮ್ಮನ ಶಾಲೆ ಅತ್ತೆಯ ಮನೆಯಿಂದ ಒಂದೇ ಬಸ್ಸಿನ ದಾರಿ ಎಂದಿದ್ದೀಯ, ಅವನನ್ನೂ ಕರೆದುಕೊಂಡು ಹೋಗು.